ಗಲ್ಲೆಯ ಮೇಲಿನ ಪತ್ರಿಕೆ ಅಂಗೈಗೆ ಬಂದ ಬಗೆ

2020ನೆಯ ಇಸವಿಯ ಮಾರ್ಚ್ 22ನೆಯ ತಾರೀಕು, ಆದಿತ್ಯವಾರ, ದೇಶದಲ್ಲೆಲ್ಲ ಜನತಾ ಕರ್ಫ್ಯೂ ನಡೆಯಿತು. ಮುಂಬಯಿಯ ಲೋಕಲ್ ಗಾಡಿಗಳು ಅಲ್ಲಿಂದಲೇ ನಿಂತವು. ಎರಡು ದಿನ ಬಿಟ್ಟು, 24ರ ರಾತ್ರಿ ಎಂಟು ಗಂಟೆಗೆ ಪ್ರಧಾನ ಮಂತ್ರಿಗಳು ಮಾತನಾಡಿ, ಆ ನಡುರಾತ್ರಿಯಿಂದ 21 ದಿನಗಳ ಕಾಲ ಯಾರೂ ಮನೆಯ ಹೊಸಿಲು ದಾಟಕೂಡದೆಂದು ಸಾರಿದರು. ಇವನ್ನೆಲ್ಲ ನಮ್ಮ ವಾಚಕರು ಮರೆತಿರಲಾರರು. ಆದರೆ ಅದೇ ವಾರದಲ್ಲಿ ನಿಂತುಹೋದ ಇನ್ನೊಂದು ವಸ್ತುವನ್ನು ಕುರಿತು ಯಾರೂ ಹೆಚ್ಚಾಗಿ ಮಾತನಾಡುವುದಿಲ್ಲ. ಅದು ವೃತ್ತಪತ್ರಿಕೆ. ಮುಂಬಯಿಯ ಪತ್ರಿಕಾ ವಿತರಕರು ಹಂಚಿಕೆಯನ್ನು ನಿಲ್ಲಿಸಿದರು. ಹಲವು ಪತ್ರಿಕೆಗಳು ಆ ತಿಂಗಳ ಕೊನೆಯ ತನಕ ಅಚ್ಚೇ ಆಗಲಿಲ್ಲ. ಯುದ್ಧಕಾಲದಲ್ಲಿಯೂ ಗಲಭೆಯ ದಿನಗಳಲ್ಲಿಯೂ ಬಾಗಿಲಿಗೆ ಬಂದು ಬೀಳುತ್ತಿದ್ದ ಕಾಗದ, ಜನಕ್ಕೆ ವರ್ತಮಾನದ ಹಸಿವು ಎಂದಿಗಿಂತ ಹೆಚ್ಚಾಗಿದ್ದ ಬೆಳಗಿನಲ್ಲಿ ಬಾರದೆ ಹೋಯಿತು.

ಆ ತಿಂಗಳುಗಳಲ್ಲಿ ನಮ್ಮವರು ಏನನ್ನು ಓದಿದರು, ಏನನ್ನು ನೋಡಿದರು, ಏನನ್ನು ನಂಬಿದರು, ಅದರಿಂದ ಅವರಿಗೆ ಏನಾಯಿತು ಎಂಬುದನ್ನು ಈಗ, ಕೆಲವು ವರ್ಷಗಳು ಸಂದ ಮೇಲೆ, ನಿಧಾನವಾಗಿ ಯೋಚಿಸುವುದು ತಪ್ಪಲ್ಲವೆಂದು ತೋರುತ್ತದೆ.

‘ಮನೆಯಲ್ಲೇ ಇರಿ’ ಎಂಬುದು ಅಂದಿನ ಆಜ್ಞೆ. ಆಜ್ಞೆ ಬರೆದವರ ಕಣ್ಣ ಮುಂದೆ ಯಾರ ಮನೆ ಇತ್ತೋ ತಿಳಿಯದು. ಹೋಟೆಲಿನ ಮಾಣಿಗೆ ಮುಂಬಯಿಯಲ್ಲಿ ಮನೆಯೆಂದರೆ ಹೋಟೆಲಿನ ಅಟ್ಟ. ಅಕ್ಕಿಮೂಟೆ, ಎಣ್ಣೆ ಡಬ್ಬಗಳ ನಡುವೆ ಹಾಸಿದ ಚಾಪೆ. ಗುಮಾಸ್ತನಿಗೆ ಮನೆಯೆಂದರೆ ಡೊಂಬಿವಲಿಯಲ್ಲೋ ಭಾಂಡೂಪಿನಲ್ಲೋ ಇರುವ ಒಂದು ಕೋಣೆ, ಅದರೊಳಗೇ ಅಡಿಗೆ, ಮಲಗುವುದು, ಮಕ್ಕಳ ಪಾಠ. ಆತ ಮನೆಯಲ್ಲಿ ಎಚ್ಚರವಾಗಿ ಇರುತ್ತಿದ್ದುದೇ ದಿನಕ್ಕೆ ಮೂರು ನಾಲ್ಕು ಗಂಟೆ. ಹೀಗೆ ಮನೆಯೆಂಬುದರ ಅಭ್ಯಾಸವೇ ಇಲ್ಲದವರು ತಿಂಗಳುಗಟ್ಟಲೆ ಒಳಗಿರಬೇಕಾಗಿ ಬಂತು.

ಅದಕ್ಕೆ ಮೊದಲು ನಮ್ಮವರು ಪತ್ರಿಕೆ ಓದುತ್ತಿದ್ದ ರೀತಿಯೇ ಬೇರೆ. ಹೋಟೆಲಿಗೆ ಬರುವ ಕನ್ನಡ ಪತ್ರಿಕೆ ಒಂದೇ. ಅದರ ಹಣ ಕೊಡುವವನು ಯಜಮಾನ, ಮೊದಲು ಬಿಚ್ಚುವವರು ಅಡಿಗೆ ಭಟ್ಟರು. ಇಡ್ಲಿಯ ಮೊದಲ ಹಬೆ ಇಳಿದು ಎರಡನೆಯದನ್ನು ಏರಿಸುವ ಹೊತ್ತಿನಲ್ಲಿ ಅವರು ಊರಿನ ಪುಟವನ್ನು ಮುಗಿಸಿರುತ್ತಿದ್ದರು. ಅನಂತರ ಹಾಳೆಗಳು ಬೇರೆಯಾಗುತ್ತಿದ್ದವು. ಆಟದ ಪುಟ ಸಪ್ಲಾಯರುಗಳಿಗೆ, ಮೊದಲ ಪುಟ ಗಲ್ಲೆಯ ಮೇಲೆ, ನಡುವಿನ ಹಾಳೆ ಎಲ್ಲಿ ಹೋಯಿತೆಂದು ಮಧ್ಯಾಹ್ನದ ತನಕ ಹುಡುಕಾಟ. ಮೂರು ಗಂಟೆಯ ಬಿಡುವಿನಲ್ಲಿ ಓದು ಬಲ್ಲವನೊಬ್ಬ ಗಟ್ಟಿಯಾಗಿ ಓದುತ್ತಿದ್ದ, ಉಳಿದವರು ಬೀನ್ಸ್ ಹೆಚ್ಚುತ್ತ ಕೇಳುತ್ತಿದ್ದರು. ಕೇಳುತ್ತಿದ್ದರು ಎಂದರೆ ಸುಮ್ಮನೆ ಕೇಳುತ್ತಿರಲಿಲ್ಲ. ‘ಅದು ಬೈಂದೂರಿನ ಸಂಗತಿಯಲ್ಲ, ಶಿರೂರಿನದು, ನನ್ನ ಮಾವನ ಮನೆ ಅಲ್ಲೇ’ ಎಂದು ಒಬ್ಬ ತಿದ್ದುವನು. ‘ಪೇಪರಿನವರಿಗೆ ಏನು ಗೊತ್ತು ಮಾರಾಯ’ ಎಂದು ಇನ್ನೊಬ್ಬ. ನಾವು ಹದಿನೈದು ವರ್ಷ ಗಲ್ಲೆಯಲ್ಲಿ ಕುಳಿತು ಈ ವಿಮರ್ಶೆಯನ್ನು ಕೇಳಿದವರು. ಸಂಪಾದಕರಾದ ಮೇಲೆ ಅದಕ್ಕಿಂತ ಕಟುವಾದ ವಿಮರ್ಶೆಯನ್ನು ಕಂಡಿಲ್ಲ. ಗುಮಾಸ್ತರ ಓದು ಲೋಕಲ್ ಗಾಡಿಯಲ್ಲಿ. ಒಂದು ಕೈ ಮೇಲಿನ ಹಿಡಿಯಲ್ಲಿ, ಇನ್ನೊಂದು ಕೈಯಲ್ಲಿ ನಾಲ್ಕು ಮಡಿಕೆಯ ಪತ್ರಿಕೆ. ಪಕ್ಕದವನ ಮೂಗಿಗೆ ತಾಗದಂತೆ ಪುಟ ಮಗುಚುವುದೂ ಒಂದು ವಿದ್ಯೆಯೇ. ಆ ಒಂದು ಪ್ರತಿಯನ್ನು ಹೆಗಲ ಮೇಲಿಂದ ಇಣುಕಿ ಓದುವವರು ಇಬ್ಬರಾದರೂ ಇರುತ್ತಿದ್ದರು.

ಗಾಡಿ ನಿಂತಿತು, ಹೋಟೆಲು ಮುಚ್ಚಿತು, ಪತ್ರಿಕೆ ಬರಲಿಲ್ಲ. ಹೀಗೆ ಓದುವ ವಸ್ತು, ಓದುವ ಸ್ಥಳ, ಜೊತೆಗೆ ಓದುವ ಜನ ಮೂರೂ ಒಂದೇ ವಾರದಲ್ಲಿ ಇಲ್ಲವಾದವು.

ಕಾಗದದ ಮೇಲಿನ ಅಂಜಿಕೆ

ಕಾಗದದಿಂದ ರೋಗ ಹರಡುತ್ತದೆಂಬ ಅಂಜಿಕೆ ಆಗ ಬಲವಾಗಿತ್ತು. ಅಮೆರಿಕದ ವಿಜ್ಞಾನಿಗಳು ಅದೇ ಮಾರ್ಚಿಯಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಈ ವೈರಾಣು ರಟ್ಟಿನ ಮೇಲೆ 24 ಗಂಟೆಗಳವರೆಗೆ, ಪ್ಲಾಸ್ಟಿಕ್ ಮತ್ತು ಉಕ್ಕಿನ ಮೇಲೆ ಸುಮಾರು 72 ಗಂಟೆಗಳವರೆಗೆ ಕಂಡುಬಂದಿತ್ತು. ವಾಚಕರು ಈ ಅಂಕಿಗಳನ್ನು ಇನ್ನೊಮ್ಮೆ ನೋಡಬೇಕು. ಕಾಗದಕ್ಕೆ ಹೆದರಿ ಪತ್ರಿಕೆ ಬೇಡವೆಂದ ಮಹಾಶಯರು ಅದೇ ಕೈಯಲ್ಲಿ ದಿನವಿಡೀ ಹಿಡಿದುಕೊಂಡಿದ್ದುದು ಪ್ಲಾಸ್ಟಿಕ್ ಕವಚದ ಮೊಬೈಲನ್ನು! ರೋಗವು ಮುಖ್ಯವಾಗಿ ಉಸಿರಿನಿಂದ, ಗಾಳಿಯಿಂದ ಹರಡುವುದೆಂದೂ ವಸ್ತುಗಳನ್ನು ಮುಟ್ಟಿ ಬರುವುದು ಬಹು ಅಪರೂಪವೆಂದೂ ಮುಂದೆ ಸ್ಪಷ್ಟವಾಯಿತು. ಅಷ್ಟು ಹೊತ್ತಿಗೆ ಅಭ್ಯಾಸ ತಪ್ಪಿಹೋಗಿತ್ತು.

ಸರಕಾರದ ಆಜ್ಞೆಗಳೂ ಈ ಅಂಜಿಕೆಗೆ ನೀರೆರೆದವು. ಏಪ್ರಿಲ್ 18ರಂದು ಮಹಾರಾಷ್ಟ್ರ ಸರಕಾರವು ಪತ್ರಿಕೆಗಳನ್ನು ಅಚ್ಚು ಮಾಡಬಹುದು, ಆದರೆ ಮನೆಮನೆಗೆ ಹಂಚಕೂಡದು ಎಂದಿತು. ಉಪ್ಪಿಟ್ಟು ಮಾಡಬಹುದು, ಬಡಿಸಕೂಡದು ಎಂದ ಹಾಗಾಯಿತು. ಆಕ್ಷೇಪಗಳು ಬರಲು ಮೂರೇ ದಿನಗಳಲ್ಲಿ ಆಜ್ಞೆಯನ್ನು ಸಡಿಲಿಸಿದರೂ ಮುಂಬಯಿ ಮತ್ತು ಪುಣೆಗಳನ್ನು ಹೊರಗಿಟ್ಟರು. ಮುಂಬಯಿಯಲ್ಲಿ ಮನೆ ಬಾಗಿಲಿಗೆ ಪತ್ರಿಕೆ ಹಾಕಲು ಒಪ್ಪಿಗೆ ದೊರೆತುದು ಜೂನ್ 7ರಿಂದ. ಎರಡು ತಿಂಗಳು ಹದಿನೈದು ದಿನ. ಚಹಾ ಬಿಟ್ಟವನು ಎರಡೂವರೆ ತಿಂಗಳ ಮೇಲೆ ಮತ್ತೆ ಚಹಾ ಕುಡಿಯುವನೇ ಎಂದು ಕೇಳಿದರೆ ಹೋಟೆಲಿನವರಿಗೆ ಉತ್ತರ ಗೊತ್ತು. ಕೆಲವರು ಕುಡಿಯುತ್ತಾರೆ, ಕೆಲವರು ಬರುವುದೇ ಇಲ್ಲ.

ಅಟ್ಟದ ಮೇಲಿನ ಹನ್ನೆರಡು ದೀಪಗಳು

ಹಾಗಾದರೆ ಆ ದಿನಗಳನ್ನು ಕಳೆದ ಬಗೆ ಹೇಗೆ? ಪಾರ್ಸೆಲು ಮಾತ್ರ ಕೊಡುತ್ತಿದ್ದ ಹೋಟೆಲೊಂದರ ಅಟ್ಟವನ್ನು ಆ ಏಪ್ರಿಲಿನ ಒಂದು ರಾತ್ರಿ ನಾವು ಕಂಡೆವು. ಹನ್ನೆರಡು ಜನ ಸಾಲಾಗಿ ಮಲಗಿದ್ದರು; ಹನ್ನೆರಡು ಮುಖಗಳ ಮೇಲೆ ಹನ್ನೆರಡು ಚಿಕ್ಕ ಬೆಳಕುಗಳು. ಒಬ್ಬ ಯಕ್ಷಗಾನ ನೋಡುತ್ತಿದ್ದ, ಒಬ್ಬ ಹಳೆಯ ಕ್ರಿಕೆಟ್ ಪಂದ್ಯ, ಒಬ್ಬ ಹೆಂಡತಿಯ ಮುಖ. ಎಲ್ಲರ ಕಿವಿಯಲ್ಲಿಯೂ ತಂತಿ. ಸದ್ದೆಂಬುದೇ ಇಲ್ಲ. ಅದೇ ಅಟ್ಟದಲ್ಲಿ ಇಸ್ಪೀಟಿನ ಗದ್ದಲಕ್ಕೆ ಕೆಳಗಿನಿಂದ ಕೂಗಿ ಬಯ್ಯಬೇಕಾಗುತ್ತಿದ್ದ ದಿನಗಳು ನಮಗೆ ನೆನಪಿವೆ.

ದೇಶದಲ್ಲೆಲ್ಲ ಹೀಗೆಯೇ ಆದುದರಿಂದ ಜಾಲದ ಮೇಲೆ ಭಾರ ಬಿತ್ತು. ಯೂಟ್ಯೂಬ್, ನೆಟ್‌ಫ್ಲಿಕ್ಸ್ ಮೊದಲಾದ ಸಂಸ್ಥೆಗಳು ಮಾರ್ಚ್ ಕೊನೆಯಿಂದ ಏಪ್ರಿಲ್ 14ರ ತನಕ ಮೊಬೈಲಿನಲ್ಲಿ ಚಿತ್ರದ ಸ್ಪಷ್ಟತೆಯನ್ನು ಕಡಿಮೆ ಮಾಡಲು ಒಪ್ಪಿಕೊಂಡವು. ಚಿತ್ರೀಕರಣಗಳು ನಿಂತು ಧಾರಾವಾಹಿಗಳ ಹೊಸ ಕಂತುಗಳು ಮುಗಿದವು. ವಾಹಿನಿಗಳು ಹಳೆಯದನ್ನೇ ಮತ್ತೆ ಬಡಿಸಿದವು. ಅವುಗಳಲ್ಲಿ ಗೆದ್ದುದು ಎಲ್ಲಕ್ಕಿಂತ ಹಳೆಯದು. ಮಾರ್ಚ್ 28ರಿಂದ ದೂರದರ್ಶನವು ರಮಾನಂದ ಸಾಗರರ ರಾಮಾಯಣವನ್ನು ಬೆಳಿಗ್ಗೆ ಒಂಬತ್ತಕ್ಕೂ ರಾತ್ರಿ ಒಂಬತ್ತಕ್ಕೂ ತೋರಿಸತೊಡಗಿತು. ಏಪ್ರಿಲ್ 16ರ ಕಂತನ್ನು 7.7 ಕೋಟಿ ಜನ ನೋಡಿದರೆಂದೂ ಅದು ಜಗತ್ತಿನಲ್ಲಿಯೇ ದಾಖಲೆಯೆಂದೂ ದೂರದರ್ಶನ ಪ್ರಕಟಿಸಿತು.

ಅದೇ ರಾಮಾಯಣ 1987ರ ಜನವರಿಯಲ್ಲಿ ಮೊದಲು ಬಂದಾಗ ನಮಗೆ ಏಳೆಂಟರ ವಯಸ್ಸು. ಇಡೀ ಓಣಿಗೆ ಒಂದು ಟಿವಿ. ಆ ಮನೆಯ ಜಗಲಿಯಲ್ಲಿ ಕುಳಿತವರು, ಕಿಟಕಿಗೆ ಜೋತವರು, ಟಿವಿಗೆ ಹೂವಿಟ್ಟವರು. 2020ರಲ್ಲಿಯೂ ನೋಡಿದವರು ಬಹಳ, ಜೊತೆಯಲ್ಲಿ ನೋಡಿದವರು ಮನೆಯವರು ಮಾತ್ರ. ಆದರೂ ಗುಮಾಸ್ತ ಬಂಧುಗಳೊಬ್ಬರು ನಮಗೆ ಹೇಳಿದ ಮಾತನ್ನು ಬರೆಯದಿದ್ದರೆ ಅನ್ಯಾಯವಾದೀತು. ಇಪ್ಪತ್ತು ವರ್ಷಗಳ ಸಂಸಾರದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ತಾವು ಹೆಂಡತಿಯ ಪಕ್ಕ ಕುಳಿತದ್ದು ಅದೇ ಮೊದಲೆಂದರು ಅವರು.

ಯಕ್ಷಗಾನದ ಮೇಳಗಳು ತಿರುಗಾಟದ ನಡುವೆಯೇ ಗೆಜ್ಜೆ ಬಿಚ್ಚಬೇಕಾಯಿತು. ಬೇಸಗೆಯ ಆ ತಿಂಗಳುಗಳ ಆಟವೇ ಕಲಾವಿದರ ವರ್ಷದ ಅನ್ನ. ನೋಡುವವರಿಗೆ ಮೊಬೈಲಿನಲ್ಲಿ ಹಳೆಯ ಆಟಗಳು ಧರ್ಮಾರ್ಥವಾಗಿ ದೊರೆತವು. ಆಡುವವರಿಗೆ ಅದರಿಂದ ದೊರೆತದ್ದೇನು ಎಂದು ನೋಡಿದವರು ಕೇಳಲಿಲ್ಲ. ಕೆಲವು ತಂಡಗಳು ಪ್ರೇಕ್ಷಕರಿಲ್ಲದೆ ಆಡಿ ನೇರವಾಗಿ ಜಾಲದಲ್ಲಿ ತೋರಿಸಿದವು. ಚೆಂಡೆ ಚೆನ್ನಾಗಿಯೇ ಕೇಳಿಸಿತು. ಚಪ್ಪಾಳೆ ಇರಲಿಲ್ಲ.

ಕನ್ನಡದ ಮಟ್ಟಿಗೆ ಇನ್ನೊಂದು ಸಂಗತಿ ಸದ್ದಿಲ್ಲದೆ ನಡೆದುಹೋಯಿತು. ದಶಕಗಳ ಕಾಲ ವಾದವಿವಾದಕ್ಕೆ ಕಾರಣವಾಗಿದ್ದ ಡಬ್ಬಿಂಗು, ಹೊಸ ಕಂತುಗಳಿಲ್ಲದ ಆ ಮೇ ತಿಂಗಳಿನಲ್ಲಿ ಹಿಂದಿಯ ಮಹಾಭಾರತವನ್ನು ಕನ್ನಡ ಮಾಡಿಕೊಂಡು ಮನೆಯೊಳಗೆ ಬಂತು. ಜುಲೈಯಲ್ಲಿ ಅಂಬೇಡ್ಕರರ ಜೀವನದ ಧಾರಾವಾಹಿ ‘ಮಹಾನಾಯಕ’ವೆಂಬ ಹೆಸರಿನಲ್ಲಿ ಬಂದಾಗ ಹಳ್ಳಿಹಳ್ಳಿಗಳಲ್ಲಿ ಅದರ ಫಲಕಗಳು ಎದ್ದವು. ಅದೇ ತಿಂಗಳು ‘ಲಾ’, ‘ಫ್ರೆಂಚ್ ಬಿರಿಯಾನಿ’ ಎಂಬ ಎರಡು ಕನ್ನಡ ಚಿತ್ರಗಳು ಚಿತ್ರಮಂದಿರವನ್ನು ಕಾಣದೆಯೇ ನೇರವಾಗಿ ಅಮೆಜಾನ್ ಪ್ರೈಮಿನಲ್ಲಿ ತೆರೆ ಕಂಡವು. ಕನ್ನಡ ಚಿತ್ರ ನೋಡಬೇಕಾದರೆ ಆದಿತ್ಯವಾರದ ಬೆಳಗಿನ ಒಂದೇ ಆಟಕ್ಕಾಗಿ ಊರ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದ ಮುಂಬಯಿ ಕನ್ನಡಿಗರಿಗೆ ಇದು ಲಾಭವೇ ಎಂದು ನಮ್ಮ ಅಭಿಪ್ರಾಯ.

ಹೇಳಿದವರು ಯಾರು?

ಇನ್ನು ಗಾಳಿಸುದ್ದಿಯ ಮಾತು. ಹೋಟೆಲಿನವರಿಗೆ ಇದರ ಬಿಸಿ ಎಲ್ಲರಿಗಿಂತ ಮೊದಲೇ ತಟ್ಟಿತ್ತು. ಕೋಳಿಯಿಂದ ಈ ರೋಗ ಬರುವುದೆಂಬ ಸುಳ್ಳು 2020ರ ಫೆಬ್ರುವರಿಯಲ್ಲಿಯೇ ವಾಟ್ಸಪ್ಪಿನಲ್ಲಿ ಹರಿದಾಡಿ ಕೋಳಿಯ ಬೆಲೆ ನೆಲ ಕಚ್ಚಿತು. ಗೋಕಾಕದ ಬಳಿ ಸಾಕಣೆಗಾರನೊಬ್ಬ ಮಾರ್ಚಿಯಲ್ಲಿ ಸುಮಾರು 6,000 ಕೋಳಿಗಳನ್ನು ಜೀವಂತವಾಗಿಯೇ ಹೊಂಡಕ್ಕೆ ಹಾಕಿ ಮಣ್ಣು ಮುಚ್ಚಿದ. ಜನತಾ ಕರ್ಫ್ಯೂವಿನ ಹಿಂದಿನ ದಿನಗಳಲ್ಲಿ ವೈರಾಣುವಿನ ಆಯುಸ್ಸು ಹನ್ನೆರಡೇ ಗಂಟೆ, ಹದಿನಾಲ್ಕು ಗಂಟೆ ಒಳಗಿದ್ದರೆ ರೋಗ ನಿರ್ಮೂಲವೆಂಬ ಲೆಕ್ಕ ಓಡಾಡಿತು. ಮುಂದೆ 2021ರ ಏಪ್ರಿಲಿನಲ್ಲಿ ಜನ ಆಮ್ಲಜನಕಕ್ಕಾಗಿ ಬಾಯಿ ಬಿಡುತ್ತಿದ್ದಾಗ ಕರ್ಪೂರ, ಲವಂಗ, ಓಮದ ಗಂಟನ್ನು ಮೂಸಿದರೆ ಸಾಕೆಂಬ ಉಪದೇಶ ಬಂತು.

ಗಾಳಿಸುದ್ದಿ ಮೊಬೈಲಿನ ಸೃಷ್ಟಿಯೆಂದು ಹೇಳುವುದು ಸರಿಯಲ್ಲ. 1896ರಲ್ಲಿ ಇದೇ ಮುಂಬಯಿಗೆ ಪ್ಲೇಗು ಬಂದಾಗ ಆಸ್ಪತ್ರೆಗೆ ಒಯ್ದವರನ್ನು ಕೊಲ್ಲುತ್ತಾರೆಂಬ ಮಾತು ಹಬ್ಬಿ, ಗಿರಣಿ ಕಾರ್ಮಿಕರು ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ಎರಗಿದ್ದರು. ಆಗ ಯಾರ ಕೈಯಲ್ಲಿಯೂ ಮೊಬೈಲಿರಲಿಲ್ಲ. ಆದರೆ ಬಾಯಿಂದ ಬಾಯಿಗೆ ಹೋಗುವ ಸುಳ್ಳು ಹತ್ತು ಜನರ ನಡುವೆ ಹಾದು ಹೋಗಬೇಕು. ಆ ಹತ್ತರಲ್ಲಿ ಒಬ್ಬನಾದರೂ ‘ನಿನಗೆ ಹೇಳಿದವರು ಯಾರು?’ ಎಂದು ಅಡ್ಡಗಟ್ಟುವ ಸಂಭವವಿದೆ. ಅಂಗೈಗೆ ಬರುವ ಸುಳ್ಳು ಒಬ್ಬನೇ ಇರುವಾಗ, ರಾತ್ರಿ, ಹಾಸಿಗೆಯಲ್ಲಿ ಬರುತ್ತದೆ. ಕಳುಹಿಸಿದವನು ಸ್ವಂತ ಭಾವಮೈದುನ. ಬೀನ್ಸ್ ಹೆಚ್ಚುತ್ತ ತಿದ್ದುವವರು ಅಲ್ಲಿಲ್ಲ. ಪತ್ರಿಕೆಯಲ್ಲಿ ತಪ್ಪು ಬಂದರೆ ಗಲ್ಲೆಯ ಬಳಿ ಬಯ್ಯಲು ಒಂದು ಹೆಸರಾದರೂ ಇರುತ್ತದೆ. ವಾಟ್ಸಪ್ ಸಂಸ್ಥೆಯೇ ಈ ಹಾವಳಿಗೆ ಬೇಸತ್ತು, ಹಲವು ಕೈ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳುಹಿಸಬಹುದೆಂಬ ನಿರ್ಬಂಧವನ್ನು 2020ರ ಏಪ್ರಿಲ್ 7ರಂದು ಹಾಕಿತು. ಅದರಿಂದ ಅಂಥ ಸಂದೇಶಗಳು ಶೇಕಡಾ 70ರಷ್ಟು ಇಳಿದುವೆಂದು ಹೇಳಿಕೊಂಡಿತು. ಅದರ ಮರುವಾರವೇ, 14ರಂದು, ರೈಲು ಬಿಡುತ್ತಾರೆಂಬ ಸುದ್ದಿ ಹಬ್ಬಿ ಬಾಂದ್ರಾ ನಿಲ್ದಾಣದ ಬಳಿ ಊರಿಗೆ ಹೋಗಲು ಹಂಬಲಿಸಿದ ಕೂಲಿಕಾರರ ಗುಂಪು ಸೇರಿತು, ಪೋಲೀಸರು ಲಾಠಿ ಬೀಸಿದರು. ಹೊಟ್ಟೆಯೊಳಗೆ ಆಸೆ ಇದ್ದಲ್ಲಿ ಸುದ್ದಿಗೆ ಸಾಕ್ಷಿ ಬೇಡ.

ಸಂಜೆಯ ಪಟ್ಟಿ

ನಮ್ಮವರಿಗೂ ಅದೇ ಆಸೆ ಇತ್ತು. ಉಡುಪಿ, ಕುಂದಾಪುರ, ಬೈಂದೂರು, ಕಾರ್ಕಳ, ಬಂಟವಾಳಗಳ ಕಡೆಯ ಹುಡುಗರು ಸಂಬಳವಿಲ್ಲದೆ, ಗಿರಾಕಿಯಿಲ್ಲದೆ ಅಟ್ಟದ ಮೇಲೆ ಎಷ್ಟು ದಿನ ಇದ್ದಾರು? ಊರಿಗೆ ಹೋಗಲು ಕರ್ನಾಟಕ ಸರಕಾರದ ‘ಸೇವಾ ಸಿಂಧು’ ಎಂಬ ಜಾಲತಾಣದಲ್ಲಿ ಅರ್ಜಿ ಹಾಕಿ ಪಾಸು ಪಡೆಯಬೇಕು. ಮೊಬೈಲಿನಲ್ಲಿ ಹಾಡು ಕೇಳಲು ಮಾತ್ರ ಬಲ್ಲವನು ಈಗ ಅದರಲ್ಲಿ ಗುರುತುಚೀಟಿ ಏರಿಸಲು ಕಲಿಯಬೇಕು. ಕಲಿತರು. ಬೆರಳು ಸವೆಯುವಷ್ಟು ಒತ್ತಿ ಪಾಸು ಪಡೆದು, ಹೊರಡಲು ಗಂಟು ಕಟ್ಟಿದವರು ಎಷ್ಟೋ ಜನ; ಅಷ್ಟರಲ್ಲಿ ಮೇ 18ರಂದು ಮಹಾರಾಷ್ಟ್ರ, ಗುಜರಾತು, ತಮಿಳುನಾಡು, ಕೇರಳಗಳಿಂದ ಯಾರೂ ಒಳಗೆ ಬರಬಾರದೆಂದು ಕರ್ನಾಟಕ ಸರಕಾರ ತಿಂಗಳ ಕೊನೆಯ ತನಕ ಬಾಗಿಲು ಹಾಕಿತು.

ಅಷ್ಟರಲ್ಲಿ ಬಂದು ಸೇರಿದವರ ಪಾಡೇನು? ಪ್ರತಿದಿನ ಸಂಜೆ ರಾಜ್ಯದ ಆರೋಗ್ಯ ಇಲಾಖೆ ಪಟ್ಟಿಯೊಂದನ್ನು ಹೊರಡಿಸುತ್ತಿತ್ತು. ರೋಗಿಗೆ ಹೆಸರಿಲ್ಲ, ‘ಪಿ’ ಎಂಬ ಅಕ್ಷರದ ಮುಂದೆ ಒಂದು ಸಂಖ್ಯೆ. ವಯಸ್ಸು, ಗಂಡೋ ಹೆಣ್ಣೋ, ಜಿಲ್ಲೆ, ಕೊನೆಗೆ ಎಲ್ಲಿಂದ ಬಂದವರೆಂಬ ಮಾತು. ಆ ಕೊನೆಯ ಅಂಕಣದಲ್ಲಿ ಮೇ ತಿಂಗಳ ನಡುವಿನಿಂದ ಮಹಾರಾಷ್ಟ್ರ, ಮಹಾರಾಷ್ಟ್ರ, ಮಹಾರಾಷ್ಟ್ರ ಎಂದೇ ಸಾಲುಸಾಲಾಗಿ ಬರತೊಡಗಿತು. ವಾರಗಟ್ಟಲೆ ಒಂದೂ ಹೊಸ ಪ್ರಕರಣವಿಲ್ಲದೆ ನೆಮ್ಮದಿಯಾಗಿದ್ದ ಉಡುಪಿ ಜಿಲ್ಲೆ ಜೂನ್ ಮೊದಲಿಗೆ ರಾಜ್ಯದಲ್ಲಿಯೇ ಅತಿ ಹೆಚ್ಚು ಪ್ರಕರಣಗಳ ಜಿಲ್ಲೆಯಾಯಿತು. ಪಟ್ಟಿ ಸುಳ್ಳಲ್ಲ. ಇಲಾಖೆ ತನ್ನ ಕರ್ತವ್ಯವನ್ನು ಮಾಡಿತು. ಆದರೆ ಆ ಪಟ್ಟಿ ಟಿವಿಗೆ ಬಂದು, ಟಿವಿಯಿಂದ ವಾಟ್ಸಪ್ಪಿಗೆ ಇಳಿದು, ಊರ ಕಟ್ಟೆಗೆ ತಲುಪುವಾಗ ‘ಮುಂಬಯಿಯವರು’ ಎಂಬುದು ಒಂದು ರೋಗದ ಹೆಸರಾಗಿಬಿಟ್ಟಿತ್ತು.

ಇದನ್ನು ನಾವು ಹಗುರವಾಗಿ ಹೇಳಲಾರೆವು. ಊರಿನ ದೇವಸ್ಥಾನದ ಜೀರ್ಣೋದ್ಧಾರದ ರಶೀದಿ ಪುಸ್ತಕ ಮೊದಲು ಬರುತ್ತಿದ್ದುದು ಮುಂಬಯಿಗೆ. ಶಾಲೆಯ ಕಟ್ಟಡಕ್ಕೆ ಹೆಂಚು, ತಂಗಿಯ ಮದುವೆಯ ಚಿನ್ನ, ಭೂತದ ಕೋಲದ ಖರ್ಚು ಯಾವುದರಲ್ಲಿ ಮುಂಬಯಿಯ ಬೆವರು ಇಲ್ಲ? ಅಂಥವರು ಕಾರಂಟೈನಿಗೆಂದು ಊರಿನ ಶಾಲೆಯ ಕಟ್ಟಡದಲ್ಲಿಯೇ ಕುಳಿತು, ಊರವರು ತಮ್ಮ ಬಗೆಗೆ ಬರೆದುದನ್ನು ತಮ್ಮ ಮೊಬೈಲಿನಲ್ಲಿಯೇ ಓದಿದರು; ಆ ಗುಂಪಿನಲ್ಲಿ ಅವರೂ ಸದಸ್ಯರು! ಗಲ್ಲೆಯ ಮೇಲಿನ ಪತ್ರಿಕೆಯಾಗಿದ್ದರೆ ಅದನ್ನು ಮಗುಚಿ ಇಡಬಹುದಿತ್ತು. ಮನೆಯಲ್ಲಿ ಕಾರಂಟೈನಾಗಿ ಇರುವವರು ಹಗಲಿಡೀ ಗಂಟೆಗೊಂದು ಸಲ ತಮ್ಮ ಮುಖದ ಚಿತ್ರ ತೆಗೆದು ಸರಕಾರಕ್ಕೆ ಕಳುಹಿಸಬೇಕೆಂಬ ನಿಯಮವೂ ಕರ್ನಾಟಕದಲ್ಲಿತ್ತು. ಸೆರೆಮನೆಯವನಿಗೂ ಗಂಟೆಗೊಮ್ಮೆ ಮುಖ ತೋರಿಸುವ ಕೆಲಸವಿಲ್ಲ.

ನಮಗೆ ಚೆನ್ನಾಗಿ ಗೊತ್ತಿರುವ ಸಪ್ಲಾಯರೊಬ್ಬನಿಗೆ ತಾಯಿಯಿಂದ ಧ್ವನಿ ಸಂದೇಶ ಬಂತು. ‘ಮಗಾ, ಈಗ ಬರುವುದು ಬೇಡ. ನನಗೇನೂ ಇಲ್ಲ, ಊರಿನವರು ಒಂದು ನಮೂನೆ ಮಾತಾಡುತ್ತಾರೆ’ ಎಂದಿಷ್ಟೇ. ಅಕ್ಷರ ಬಾರದ ತಾಯಿ ಮಗನಿಗೆ ಕಳುಹಿಸಿದ ಮೊದಲನೆಯ ಓಲೆ ಅದು. ಅವಳು ಅದುವರೆಗೆ ಬೇರೆಯವರ ಕೈಯಿಂದ ಕಾಗದ ಬರೆಸುತ್ತಿದ್ದವಳು. ಆ ಮಾತನ್ನು ಬೇರೆಯವರ ಕೈಯಿಂದ ಬರೆಸಲು ಆಗುತ್ತಿರಲಿಲ್ಲ. ಆತ ಆ ಸಂದೇಶವನ್ನು ಅಳಿಸದೆ ಇಟ್ಟುಕೊಂಡಿದ್ದಾನೆ. ಸಿಟ್ಟಿಗೋ ಪ್ರೀತಿಗೋ ನಾವು ಕೇಳಿಲ್ಲ.

ಹೋಟೆಲುಗಳಲ್ಲಿ ಕುಳಿತು ತಿನ್ನಲು ಅಪ್ಪಣೆಯಾದುದು ಆ ವರ್ಷದ ಅಕ್ಟೋಬರ್ 5ರಂದು, ಅರ್ಧ ಮೇಜುಗಳಿಗೆ ಮಾತ್ರ. ಲೋಕಲ್ ಗಾಡಿ ಸಾಮಾನ್ಯ ಜನರಿಗೆ, ಅದೂ ಕೆಲವೇ ಹೊತ್ತು, ತೆರೆದುದು 2021ರ ಫೆಬ್ರುವರಿ 1ರಂದು. ಹಿಂದಿರುಗಿದ ಗುಮಾಸ್ತರ ಕೈಯಲ್ಲಿ ನಾಲ್ಕು ಮಡಿಕೆಯ ಪತ್ರಿಕೆ ಅಪರೂಪವಾಯಿತು. ಪತ್ರಿಕೆ ಇಲ್ಲದ ದಿನಗಳಲ್ಲಿ ಅದರ ಪುಟಗಳನ್ನು ಪಿಡಿಎಫ್ ಮಾಡಿ ಗುಂಪುಗಳಲ್ಲಿ ಹಂಚುವ ಚಾಳಿ ಬೆಳೆದಿತ್ತು. ಇದು ನ್ಯಾಯವಲ್ಲವೆಂದು ಪತ್ರಿಕಾ ಸಂಸ್ಥೆಗಳ ಒಕ್ಕೂಟ 2020ರಲ್ಲಿಯೇ ಎಚ್ಚರಿಸಿತ್ತು. ನಮ್ಮ ಪತ್ರಿಕೆಯನ್ನೂ ಹಾಗೆ ಹಂಚುವವರಿದ್ದಾರೆ. ಬೆಳಿಗ್ಗೆ ಆರಕ್ಕೆ ನಮಗೇ ಕಳುಹಿಸಿ ‘ಓದಿ, ಚೆನ್ನಾಗಿದೆ’ ಎಂದವರೂ ಒಬ್ಬರಿದ್ದಾರೆ! ಹೋಟೆಲು ನಡೆಸಿದ ನಮಗೆ ಪುಕ್ಕಟೆ ಗಿರಾಕಿಯ ಮೇಲೆ ಕೋಪವಿಲ್ಲ. ತಿಂದು ಚೆನ್ನಾಗಿದೆ ಎನ್ನುವವನನ್ನು ಬಾಗಿಲಿಂದ ಹೊರಗಟ್ಟುವುದು ಹೇಗೆ? ಆದರೆ ಅಚ್ಚುಕೂಟದವರ ಸಂಬಳ ಹೊಗಳಿಕೆಯಿಂದ ಹುಟ್ಟುವುದಿಲ್ಲ ಎಂಬುದನ್ನು ಅವರು ಯೋಚಿಸಲಿ.

ಕೆಲವರಿಗೆ ಅಂಗೈಯ ಓದೇ ವರವಾಯಿತೆಂಬುದೂ ನಿಜ. 2021ರ ಮೇ ತಿಂಗಳಿನಲ್ಲಿ 18ರಿಂದ 44 ವಯಸ್ಸಿನವರಿಗೆ ಲಸಿಕೆಯೆಂದಾಗ ಕೋವಿನ್ ತಾಣದಲ್ಲಿ ಹೆಸರು ಕಾದಿರಿಸಬೇಕಾಗಿತ್ತು, ಅದೂ ಇಂಗ್ಲಿಷಿನಲ್ಲಿ. ಕನ್ನಡವೂ ಸೇರಿ ದೇಶಭಾಷೆಗಳು ಅಲ್ಲಿಗೆ ಬಂದುದು ಜೂನಿನಲ್ಲಿ. ಅದಕ್ಕೆ ಕಾಯದೆ, ಅಟ್ಟದ ಮೇಲೆ ವರ್ಷವಿಡೀ ಬೆಳಕು ನೋಡಿ ಪಳಗಿದ ಹುಡುಗರೇ ಯಜಮಾನರಿಗೂ ಭಟ್ಟರಿಗೂ ಹೆಸರು ಹಾಕಿಕೊಟ್ಟರು.

ಊರಿನಲ್ಲಿ ಆ ಬೇಸಗೆಯನ್ನು ಕಾರಂಟೈನಿನಲ್ಲಿ ಕಳೆದವರು, ಪಾಸು ಸಿಕ್ಕಿಯೂ ಗಡಿಯಲ್ಲಿ ನಿಂತವರು, ಬರಬೇಡವೆಂಬ ಸಂದೇಶ ಪಡೆದವರು ಮತ್ತು ಕಳುಹಿಸಿದವರು ನಮ್ಮ ವಾಚಕರಲ್ಲಿ ಬಹಳ ಮಂದಿ ಇದ್ದಾರೆ. ಅವರ ಮಾತು ಸಂಜೆಯ ಪಟ್ಟಿಯಲ್ಲಿ ಬರಲಿಲ್ಲ, ಟಿವಿಯಲ್ಲಿಯೂ ಬರಲಿಲ್ಲ. ನಮ್ಮ ಪತ್ರಿಕೆಯ ಆದಿತ್ಯವಾರದ ಪುಟದಲ್ಲಿ ಅದಕ್ಕೆ ಸ್ಥಳವಿದೆ. ಹೆಸರು ಬೇಡವೆಂದವರ ಹೆಸರನ್ನು ಹಾಕುವುದಿಲ್ಲ. ಕಾರ್ಡಿನಲ್ಲಿ ಬರೆದರೂ ಸರಿ, ಬರೆಯಲು ಕೈ ಬಾರದವರು ಮೊಬೈಲಿನಲ್ಲಿ ಮಾತಾಡಿ ಕಳುಹಿಸಿದರೂ ಸರಿ. ತುಳುವಿನಲ್ಲಿ ಹೇಳಿದರೂ, ಕುಂದಾಪುರದ ಕನ್ನಡದಲ್ಲಿ ಹೇಳಿದರೂ ನಾವೇ ಕುಳಿತು ಬರೆದುಕೊಳ್ಳುತ್ತೇವೆ.